ಲಿಫ್ಟ್ ಕೆಡುವ ಮೊದಲೇ ದುಡ್ಡು ಎತ್ತಿಟ್ಟಿದ್ದು: ಸಂಘದ ಖಜಾಂಚಿಯಾಗಿ ನನ್ನ ಅನುಭವ

ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಮಿಟಿಗೆ ಆಯ್ಕೆಯಾದಾಗ ನನಗೆ ಬಂದಿದ್ದು ಖಜಾಂಚಿ ಕೆಲಸ. ಮೇಂಟೆನೆನ್ಸ್ ವಸೂಲಿ, ಸೆಕ್ಯೂರಿಟಿಯವರ ಸಂಬಳ, ಕರೆಂಟ್ ಬಿಲ್ಲು ಎಲ್ಲ ಹೇಗೋ ನಡೆದುಹೋಗುತ್ತಿತ್ತು. ನನ್ನನ್ನು ಕಾಡಿದ್ದು ಸಿಂಕಿಂಗ್ ಫಂಡ್, ಅಂದರೆ ಲಿಫ್ಟು, ಪಂಪಿನಂಥ ದೊಡ್ಡ ವಸ್ತುಗಳನ್ನು ಮುಂದೆ ಬದಲಿಸೋದಕ್ಕೆ ಅಂತ ಎತ್ತಿಡುವ ದುಡ್ಡು. ತಿಂಗಳ ಖರ್ಚಿಗೆ ಸಾಲದೆ ಬಂದಾಗಲೆಲ್ಲ ಅದಕ್ಕೇ ಕೈ ಹಾಕುತ್ತಿದ್ದರು. ಹೀಗಾಗಿ ಅದು ಇದ್ದೂ ಇಲ್ಲದ ಹಾಗಿತ್ತು.

ಎಲೆಕ್ಟ್ರಿಷಿಯನ್ನನ್ನು ಜೊತೆಗೆ ಕರೆದುಕೊಂಡು ಟೆರೇಸಿನಿಂದ ಸಂಪಿನವರೆಗೆ ಸುತ್ತಿದೆ. ಎಲ್ಲರಿಗೂ ಸೇರಿದ ಒಂದೊಂದು ವಸ್ತುವನ್ನೂ ಬರೆದುಕೊಂಡೆ. ಹಾಕಿಸಿದ್ದು ಯಾವಾಗ, ಇನ್ನೆಷ್ಟು ವರ್ಷ ಬರುತ್ತೆ, ಇವತ್ತು ಬದಲಿಸಿದರೆ ಎಷ್ಟಾಗುತ್ತೆ. ಪಂಪಿನ ಬಿಲ್ಲು ಸಿಗಲಿಲ್ಲ. ಅದರ ಮೈಮೇಲಿನ ತಗಡಿನ ತುಕ್ಕು ಉಜ್ಜಿ ಇಸವಿ ಓದಿದೆವು. ಹೊರಗೋಡೆಯ ಬಣ್ಣ ಸಾಮಾನ್ಯವಾಗಿ 5ರಿಂದ 7 ವರ್ಷ, ಚೆನ್ನಾಗಿ ನೋಡಿಕೊಂಡ ಲಿಫ್ಟ್ 20ರಿಂದ 25 ವರ್ಷ ಬರುತ್ತೆ.

ಆಮೇಲಿನದು ಸರಳ ಲೆಕ್ಕ. ನಮ್ಮ ಲಿಫ್ಟಿಗೆ ಆಗಲೇ 14 ವರ್ಷ. 24 ವರ್ಷ ಅಂತ ಹಿಡಿದರೆ ಉಳಿದಿದ್ದು 10, ಅಂದರೆ 120 ತಿಂಗಳು. ಹೊಸ ಲಿಫ್ಟಿನ ಬೆಲೆಯಲ್ಲಿ ಕೈಯಲ್ಲಿರುವ ದುಡ್ಡು ಕಳೆದು, ಉಳಿದಿದ್ದನ್ನು 120ರಿಂದ ಭಾಗಿಸಿದರೆ ತಿಂಗಳಿಗೆ ಎಷ್ಟು ಎತ್ತಿಡಬೇಕು ಅಂತ ಗೊತ್ತಾಗುತ್ತೆ. ಬೆಲೆ ಏರುತ್ತಲೇ ಇರುವುದರಿಂದ ಪ್ರತಿ ವರ್ಷ ಈ ಲೆಕ್ಕವನ್ನು ಹೊಸದಾಗಿ ಮಾಡಬೇಕು.

ವಾರ್ಷಿಕ ಸಭೆಗೆ ಒಂದು ವಾರ ಮೊದಲೇ ಈ ಪಟ್ಟಿ ಎಲ್ಲ ಮನೆಗೂ ಹೋಯಿತು. ಸಭೆಯಲ್ಲಿ ಜೋರು ಚರ್ಚೆ. ವಯಸ್ಸಾದವರೊಬ್ಬರು ಎದ್ದು, "ಹೊಸ ಲಿಫ್ಟ್ ಬರೋ ಹೊತ್ತಿಗೆ ನಾನು ಇರ್ತೀನೋ ಇಲ್ವೋ, ನಾನ್ಯಾಕೆ ಕೊಡಬೇಕು?" ಅಂದರು. ನ್ಯಾಯವಾದ ಪ್ರಶ್ನೆಯೇ. "ಸರ್, ಈಗಿರೋದನ್ನ 14 ವರ್ಷ ಸವೆಸಿದ್ದು ನಾವೇ ಅಲ್ವಾ? ಈ ದುಡ್ಡು ನಾವು ಸವೆಸಿದ್ದಕ್ಕೆ" ಅಂದೆ. ಅವರು ಪಟ್ಟಿಯನ್ನು ಇನ್ನೊಮ್ಮೆ ನೋಡಿ ಕೂತರು. ಮನೆ ಮಾರುವ ಯೋಚನೆಯಲ್ಲಿದ್ದವರಿಗೂ ನಾನು ಕೊಟ್ಟಿದ್ದು ಇದೇ ಉತ್ತರ. ಸುಮ್ನೆ "ಮೇಂಟೆನೆನ್ಸ್ ಜಾಸ್ತಿ ಮಾಡ್ತೀವಿ" ಅಂದಿದ್ದರೆ ಆ ಸಭೆ ಖಂಡಿತ ಒಪ್ಪುತ್ತಿರಲಿಲ್ಲ. ಯಾವುದಕ್ಕೆ ಎಷ್ಟು ಅಂತ ಕಣ್ಣೆದುರಿಗೆ ಇದ್ದಿದ್ದರಿಂದ ಹೆಚ್ಚಿನವರು ಒಪ್ಪಿಗೆ ಅಂತ ಕೈ ಎತ್ತಿದರು.

ಅದೇ ದಿನ ಇನ್ನೊಂದು ನಿರ್ಣಯವನ್ನೂ ನಡಾವಳಿಯಲ್ಲಿ ಬರೆಸಿದೆ. ಈ ಹಣಕ್ಕೆ ಬೇರೆ ಬ್ಯಾಂಕ್ ಖಾತೆ, ತೆಗೆಯಲು ಇಬ್ಬರ ಸಹಿ, ತಿಂಗಳ ಖರ್ಚಿಗೆ ಮುಟ್ಟುವ ಹಾಗಿಲ್ಲ. ನನ್ನ ಪ್ರಕಾರ ಪಟ್ಟಿಗಿಂತ ಮುಖ್ಯವಾದದ್ದು ಇದು. ಕಮಿಟಿ ಬದಲಾಗುತ್ತಲೇ ಇರುತ್ತೆ. ನಡಾವಳಿಯಲ್ಲಿ ಬರೆದಿದ್ದನ್ನು ತೆಗೆಯಬೇಕಾದರೆ ಮುಂದಿನವರು ಮತ್ತೆ ಎಲ್ಲರೆದುರು ನಿಂತು ಕಾರಣ ಹೇಳಬೇಕು.

ಟೆರೇಸ್ ವಾಟರ್‌ಪ್ರೂಫಿಂಗ್ ಸರದಿ ಮೊದಲು ಬಂತು. ಎಷ್ಟು ಜಾಗ, ಯಾವ ಸಾಮಾನು, ಎಷ್ಟು ವರ್ಷದ ಗ್ಯಾರಂಟಿ ಅಂತ ನಾವೇ ಬರೆದು 3 ಜನಕ್ಕೆ ಕೊಟ್ಟು ಕೊಟೇಶನ್ ಕೇಳಿದೆವು. ಅವರವರ ಇಷ್ಟಕ್ಕೆ ಬಿಟ್ಟರೆ ಒಂದನ್ನು ಇನ್ನೊಂದರ ಜೊತೆ ಹೋಲಿಸೋದಕ್ಕೇ ಆಗಲ್ಲ. ಕೊಟೇಶನ್ ಕೊಟ್ಟವರಲ್ಲಿ ಒಬ್ಬರು ಕಮಿಟಿ ಸದಸ್ಯರೊಬ್ಬರ ಸಂಬಂಧಿಕರು. ಆ ಸದಸ್ಯರು ತಾವೇ ಅದನ್ನು ಹೇಳಿ, ಮತ ಹಾಕದೆ ಹೊರಗೆ ಕೂತರು. ಅದನ್ನೂ ನಡಾವಳಿಯಲ್ಲಿ ಬರೆದೆವು. ಕೆಲಸ ಮುಗಿಯಿತು, ಯಾರ ಮನೆಯಿಂದಲೂ ಹೆಚ್ಚಿನ ದುಡ್ಡು ಕೇಳಲಿಲ್ಲ.