ಮನೆಗೆಲ್ಲ ಬಳಪದ ಕಲ್ಲಿನ ಬಣ್ಣ

ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ ನಮ್ಮ ಮನೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಪೇಟೆಗೆ ಹೋಗಿ ಬಂದರೆ ಬಿಸಿಲು ಕಣ್ಣೊಳಗೇ ಕೂತಿರುತ್ತದೆ. ಆ ಕಣ್ಣಿಗೆ ಬಿಳಿ ಗೋಡೆಯೂ ಇನ್ನೊಂದು ಬಿಸಿಲೇ. ನಮ್ಮಜ್ಜನ ಮಾಳಿಗೆ ಮನೆ ಹಾಗಿರಲಿಲ್ಲ. ಬೆಳಕಿಂಡಿಯಿಂದ ಒಂದು ಕೋಲು ಬೆಳಕು, ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಕುಣಿಮಗ್ಗದ ಮೇಲೆ ಬೀಳುತ್ತಿತ್ತು. ಉಳಿದ ಪಡಸಾಲೆಯೆಲ್ಲ ತಣ್ಣನೆಯ ನಸುಗತ್ತಲು. ಎರಡು ವರ್ಷದ ಹಿಂದೆ ಮನೆಗೆ ಪೇಂಟ್ ಮಾಡಿಸುವಾಗ ನನಗೆ ಆ ತಂಪೇ ಬೇಕಿತ್ತು. ಹಾಲ್, ಎರಡು ಬೆಡ್‌ರೂಮ್, ಅಡುಗೆಮನೆ, ಎಲ್ಲಕ್ಕೂ ಒಂದೇ ಮಾಸಲು ಗಾಢ ಬಣ್ಣ.

"ಮನೀಗಿ ಯಾರರ ಇಂಥಾ ಬಣ್ಣ ಹಚ್ಚತಾರೇನವಾ? ದೀಪದ ಬೆಳಕ ನುಂಗತೈತಿ" ಅಂದರು ನಮ್ಮತ್ತೆ. ನಾನು ಟ್ರಂಕಿನಿಂದ ಅವರ ಇಳಕಲ್ ಸೀರೆಯನ್ನೇ ತೆಗೆದು ಹಾಸಿದೆ. ಕಡುಹಸಿರು ಒಡಲು, ಕೆಂಪು ಸೆರಗಿನಲ್ಲಿ ಬಿಳಿಯ ತೋಪುತೆನೆಯ ನೇಯ್ಗೆ. "ಅತ್ತಿ, ಒಡಲು ಗಾಢ ಐತಂತನ ಸೆರಗು ಎದ್ದು ಕಾಣತೈತಿ." ಅವರು ತೆನೆಯ ಮೇಲೆ ಬೆರಳಾಡಿಸಿದರು, ಮತ್ತೆ ಬೇಡ ಅನ್ನಲಿಲ್ಲ. ಗಾಢ ಬಣ್ಣ ಹಚ್ಚುವವರಿಗೆ ನಾನು ಹೇಳುವುದೂ ಇದನ್ನೇ: ಮನೆಗೆಲ್ಲ ಒಡಲು ಒಂದೇ ಇರಲಿ. ಮೊದಲು ನಾನು ಟಿವಿ ಹಿಂದಿನ ಗೋಡೆಗೆ ಮಾತ್ರ ಹಚ್ಚಿಸಿದ್ದೆ. ಸೀರೆಗೆ ತೇಪೆ ಹಾಕಿದ ಹಾಗೆ ಕಂಡಿತು, ಪಕ್ಕದ ಬಿಳಿ ಗೋಡೆಗಳು ಇನ್ನಷ್ಟು ಕಣ್ಣು ಕುಕ್ಕಿದವು. ನಾಲ್ಕೂ ಕಡೆ ಹಚ್ಚಿದ ಮೇಲೆ ಮೂಲೆಗಳ ಗೆರೆ ಕರಗಿ ಕೋಣೆ ಚಿಕ್ಕದೆನಿಸುವುದೂ ಹೋಯಿತು.

ಬಣ್ಣ ಸಿಕ್ಕಿದ್ದು ನಮ್ಮ ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯದ ಬಳಪದ ಕಲ್ಲು ಬಿಸಿಲಲ್ಲಿ ಬೂದಿ, ನೆರಳಲ್ಲಿ ಹಸಿರು, ಒಳಗೆ ಹೋದರೆ ಹೆಚ್ಚುಕಡಿಮೆ ಕಪ್ಪು. ಶೇಡ್ ಕಾರ್ಡ್ ಒಯ್ದು ಕಂಬದ ಪಕ್ಕ ಹಿಡಿದೇ ಆರಿಸಿದೆ. ಫೋಟೊ ತೋರಿಸಿ ಆರಿಸಬೇಡಿ, ಫೋನು ಬಣ್ಣ ಬದಲಿಸುತ್ತದೆ. ಶೇಡ್ ಸರಿಯಾಗಿ ಮಾಸಲೋ ಅಲ್ಲವೋ ತಿಳಿಯಲು ಮನೆಯ ನಾಲ್ವರನ್ನು ಕೇಳಿ. ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರೆ ಒಳ್ಳೆಯದು. ಎಲ್ಲರೂ ಥಟ್ಟನೆ "ಹಸಿರು" ಅಂದರೆ ಗೋಡೆ ತುಂಬ ಹಚ್ಚಿದಾಗ ಅದು ಕಣ್ಣಿಗೆ ಹೊಡೆಯುತ್ತದೆ. ಆಮೇಲೆ ಸಣ್ಣ ಡಬ್ಬಿ ತಂದು ದೊಡ್ಡ ಡ್ರಾಯಿಂಗ್ ಶೀಟಿಗೆ ಎರಡು ಕೋಟ್ ಹಚ್ಚಿ, ಪ್ರತಿ ಕೋಣೆಯಲ್ಲೂ ಒಂದೊಂದು ದಿನ ಅಂಟಿಸಿಡಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಲೈಟು ಹಾಕಿದ ಮೇಲೆ ನೋಡಿ.

ಇನ್ನು ಗೋಡೆ. ಎಲ್ಲಕ್ಕಿಂತ ಹೆಚ್ಚು ದಿನ ಇಲ್ಲೇ ಕೊಡಬೇಕು, ನಾನು ಕೊಡದೆ ಅನುಭವಿಸಿದೆ. ನಮ್ಮ ಬಚ್ಚಲಿಗೆ ಅಂಟಿದ ಬೆಡ್‌ರೂಮಿನ ಗೋಡೆ ಒಳಗೇ ಹಸಿ ಇತ್ತು. ಪೇಂಟರ್ "ಒಣಗೇತ್ರಿ" ಅಂದರು, ನಾನೂ ಹೂಂ ಅಂದೆ. ಮೂರು ತಿಂಗಳಿಗೆ ನೆಲದಿಂದ ಮೊಣಕಾಲೆತ್ತರಕ್ಕೆ ಸವಳು, ಅಂದರೆ ಗೋಡೆಯೊಳಗಿನ ಉಪ್ಪು, ಎದ್ದಿತು. ಬೆರಳು ಮುಟ್ಟಿದರೆ ಬಿಳಿ ಪುಡಿ, ಅದರ ಹಿಂದೆ ಹಪ್ಪಳದ ಹಾಗೆ ಎದ್ದ ಪೇಂಟ್. ಬಿಳಿ ಗೋಡೆಯಲ್ಲಾದರೆ ಅಷ್ಟಾಗಿ ಕಾಣುತ್ತಿರಲಿಲ್ಲ. ಗಾಢ ಬಣ್ಣದ ಮೇಲೆ ಬಾಗಿಲಿಂದಲೇ ಕಾಣುತ್ತದೆ. ಕೆರೆದು, ಬಚ್ಚಲಿನ ಟೈಲ್ಸ್ ಸಂದಿ ಮುಚ್ಚಿಸಿ, ಗೋಡೆ ಪೂರ್ತಿ ಒಣಗಿದ ಮೇಲೆ ಮತ್ತೆ ಗೋಡೆ ನಯ ಮಾಡುವ ಪುಟ್ಟಿಯಿಂದ ಶುರು ಮಾಡಿಸಬೇಕಾಯಿತು. ಮೊದಲೇ ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಒಂದು ದಿನ ಅಂಟಿಸಿಟ್ಟಿದ್ದರೆ ಒಳಬದಿಯಲ್ಲಿ ಹನಿ ಕಟ್ಟಿದ್ದು ಕಂಡು ತಿಳಿಯುತ್ತಿತ್ತು. ಹೊಸ ಸಿಮೆಂಟ್ ಪ್ಲಾಸ್ಟರ್ ಆದರೆ ಕನಿಷ್ಠ 28 ದಿನ ಬಿಡಿ. ಹಳೆ ಸುಣ್ಣದ ಗೋಡೆಯನ್ನು ಅಂಗೈಯಿಂದ ಉಜ್ಜಿ ನೋಡಿ, ಪುಡಿ ಹತ್ತಿದರೆ ಪೂರ್ತಿ ಕೆರೆಸಲೇಬೇಕು.

ಪುಟ್ಟಿ ಉಜ್ಜಿಸುವಾಗ ಒಂದು ಬಲ್ಬನ್ನು ಗೋಡೆಗೆ ಒತ್ತಿದಂತೆ ಓರೆಯಾಗಿ ಹಿಡಿಯಿರಿ. ತಗ್ಗು-ಉಬ್ಬು ಎಲ್ಲ ನೆರಳಾಗಿ ಕಾಣುತ್ತವೆ. ಪ್ರೈಮರ್ ಬಿಳಿಯದೇ ಹಚ್ಚಿದರೆ ಗಾಢ ಬಣ್ಣ ಮೂರು ನಾಲ್ಕು ಕೋಟ್ ಕೇಳುತ್ತದೆ. ಅಂಗಡಿಯಲ್ಲಿ ಅದಕ್ಕೂ ಸ್ವಲ್ಪ ಬೂದು ಟಿಂಟ್ ಹಾಕಿಸಿ. ಫಿನಿಶ್ ಹೊಳಪಿಲ್ಲದ ಮ್ಯಾಟ್ ಇರಲಿ, ಹೊಳಪಿನದಾದರೆ ಗೋಡೆಯ ಪ್ರತಿ ದೋಷವೂ ಎದ್ದು ಕಾಣುತ್ತದೆ. ಅಡುಗೆಮನೆಗೆ ಮಾತ್ರ ನಸುಹೊಳಪಿನ ಸ್ಯಾಟಿನ್, ಯಾಕೆಂದರೆ ಒಗ್ಗರಣೆ ಸಿಡಿದ ಎಣ್ಣೆ ಮ್ಯಾಟ್ ಗೋಡೆಯಿಂದ ಸುಲಭಕ್ಕೆ ಹೋಗುವುದಿಲ್ಲ. ನಮಗೆ ಮ್ಯಾಟ್ 30 ಲೀಟರ್ ಹಿಡಿಯಿತು, 20 ಮತ್ತು 10ರ ಎರಡು ಬಕೆಟ್. ಮಷಿನ್‌ನಲ್ಲಿ ಕಲಸಿದರೂ ಬಕೆಟ್ಟಿನಿಂದ ಬಕೆಟ್ಟಿಗೆ ಕೂದಲೆಳೆಯ ಫರಕು ಬರುತ್ತದೆ. ಅದಕ್ಕೆ ಎರಡನ್ನೂ ಒಂದು ಡ್ರಮ್ಮಿಗೆ ಸುರಿದು ಬೆರೆಸಿಯೇ ಕೆಲಸ ಶುರು ಮಾಡಿಸಿದೆ.

ಸೂರಿಗೆ, ಅಂದರೆ ಸೀಲಿಂಗಿಗೆ, ಈ ಬಣ್ಣ ಬೇಡ. ನಮ್ಮ ಕಡೆ ಬಿಸಿಲಿಗೆ ಹೆದರಿ ಕಿಟಕಿ ಸಣ್ಣ ಇಡುತ್ತೇವೆ, ಒಳಗೆ ಬಂದ ಬೆಳಕನ್ನು ಹರಡಲು ಮೇಲೆ ತಿಳಿಬಣ್ಣ ಇರಲೇಬೇಕು. ಅಪ್ಪಟ ಬಿಳಿಯೂ ಬೇಡ, ಮಜ್ಜಿಗೆ ಬಣ್ಣ ಸಾಕು. ಗಾಢ ಬಣ್ಣಕ್ಕೆ ಮನೆ ಬಿಸಿಯಾಗುತ್ತದೆ ಅನ್ನುವ ಭಯ ಒಳಗೋಡೆಯ ಮಟ್ಟಿಗೆ ಬಿಡಿ. ಬಿಸಿಯಾಗುವುದು ಬಿಸಿಲು ಬೀಳುವ ಮಾಳಿಗೆ ಮತ್ತು ಪಡುವಣದ ಹೊರಗೋಡೆ. ಅವಕ್ಕೆ ಬಿಳಿಯನ್ನೇ ಹಚ್ಚಿ, ಮಾಳಿಗೆಗೆ ಬೇಸಿಗೆಗೆ ಮುಂಚೆ ಸುಣ್ಣ ಹೊಡೆಸಿ.

ಬಲ್ಬು ಬದಲಿಸದಿದ್ದರೆ ಇಷ್ಟೆಲ್ಲ ಮಾಡಿದ್ದೂ ವ್ಯರ್ಥ. 6500 ಕೆಲ್ವಿನ್‌ನ ಬಿಳಿ ಟ್ಯೂಬಿನಡಿ ಈ ಬಣ್ಣ ಹೆಣದ ಕಳೆ ಪಡೆಯುತ್ತದೆ. 2700ರಿಂದ 3000ದ ಹಳದಿ ಬೆಳಕಿನದು ತನ್ನಿ. ನಡುಸೂರಿಗೆ ಒಂದೇ ದೊಡ್ಡ ಲೈಟ್ ಬೇಡ, 9 ವಾಟ್‌ನ ಮೂರು ನಾಲ್ಕು ಬಲ್ಬುಗಳನ್ನು ಮೂಲೆಗಳಲ್ಲಿ ಹಾಕಿ. ನಮ್ಮ ಟೈಲ್ಸ್ ಬಿಳಿಯದಾಗಿ ಹೊಳೆಯುತ್ತಿತ್ತು, ಅದರ ಮೇಲೆ ಜಮಖಾನ ಹಾಸಿದೆ.

ಸೆರಗು ಏನಿಡಬೇಕೆಂಬುದು ನಿಮ್ಮ ಮನೆಯ ಮಾತು. ನಮ್ಮಲ್ಲಿ ಹಿತ್ತಾಳೆಯ ಸಮೆ ದೀಪಗಳ ಜೋಡಿ ಇದೆ, ಕಿನ್ನಾಳದ ಕುಶಲಕರ್ಮಿಗಳು ಮಾಡುವ ಬಣ್ಣದ ಗೌರಿ ಗೊಂಬೆ ಇದ್ದಾಳೆ. ಮೊದಲಿನ ಗೋಡೆಯಲ್ಲಿ ಮುಚ್ಚಿಹೋಗುತ್ತಿದ್ದ ಅವಳ ಕೆಂಪು-ಹಳದಿ ಈಗ ದೂರದಿಂದಲೇ ಕಾಣುತ್ತದೆ. ಗವಿಮಠದ ಜಾತ್ರೆಗೆ ಬಂದ ನೆಂಟರಿಗೆಲ್ಲ ನಮ್ಮತ್ತೆ ಅವಳನ್ನೇ ಮೊದಲು ತೋರಿಸಿದರು.

ಒರೆಸುವಾಗ ಬೋರಿನ ನೀರು ಬಳಸಬೇಡಿ, ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಕುಡಿಯುವ ಫಿಲ್ಟರ್ ನೀರಿನಲ್ಲಿ ಮೆತ್ತನೆ ಬಟ್ಟೆ ಅದ್ದಿ ಹಿಂಡಿ, ಉಜ್ಜದೆ ಮೆಲ್ಲಗೆ ಒತ್ತಿ ತೆಗೆಯಿರಿ. ಉಜ್ಜಿದರೆ ಮ್ಯಾಟ್ ಗೋಡೆ ಅಲ್ಲಷ್ಟೇ ಹೊಳಪಾಗುತ್ತದೆ. ಡ್ರಮ್ಮಿನಲ್ಲಿ ಉಳಿದದ್ದರಿಂದ ಒಂದು ಲೀಟರ್ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಎತ್ತಿಡಿ, ಶೇಡ್ ನಂಬರನ್ನು ಕಪಾಟಿನ ಬಾಗಿಲ ಒಳಬದಿಗೆ ಬರೆದಿಡಿ.