ಮಾತ್ರೆ ಎಣಿಸಿ ರೋಗಿಗೆ ಅಂಕ ಕೊಟ್ಟೆ

ಸಕ್ಕರೆ ಕಾಯಿಲೆಯವರು ತಮ್ಮ ಚಿಕಿತ್ಸೆಯಲ್ಲಿ ಎಷ್ಟು ಪಾಲ್ಗೊಳ್ಳುತ್ತಾರೆಂದು ಅಳೆಯುವುದು ಆಗದ ಮಾತು ಎಂದು ನಮ್ಮ ವೈದ್ಯರೇ ನಕ್ಕಿದ್ದರು. ಈಗ ಮಾತ್ರೆ ಬದಲಿಸುವ ಮೊದಲು ನನ್ನ ಪುಸ್ತಕದ ಅಂಕ ಕೇಳುತ್ತಾರೆ.

ಎಲ್ಲರಂತೆ ನಾನೂ ಮೊದಲು ರೋಗಿಯ ಪಾಲ್ಗೊಳ್ಳುವಿಕೆ ಅಳೆಯುವ ಪ್ರಶ್ನಾವಳಿಯಾದ ಪ್ಯಾಮ್‌ನ ಹಿಂದೆ ಬಿದ್ದೆ. ಅಮೆರಿಕದ ಸಂಶೋಧಕಿ ಜುಡಿತ್ ಹಿಬ್ಬಾರ್ಡ್ ಅವರ ತಂಡ 2004ರಲ್ಲಿ ತಂದ 22 ಪ್ರಶ್ನೆಗಳು ಮರುವರ್ಷ 13ಕ್ಕೆ ಇಳಿದವು. ಅದಕ್ಕೆ ಪರವಾನಗಿ ಬೇಕು, ನಮ್ಮ ಕ್ಲಿನಿಕ್ಕಿನಲ್ಲಿ ಅದಕ್ಕೆಂದು ಬಿಡಿಗಾಸಿಲ್ಲ. ನಾಲ್ಕು ಆಯ್ಕೆಗಳ ನನ್ನದೇ ಪ್ರಶ್ನೆಗಳನ್ನು ಬರೆದು ಜೆರಾಕ್ಸ್‌ಗೆ ಕೈಯಿಂದ ಎಂಟುನೂರು ರೂಪಾಯಿ ಹಾಕಿದೆ. ಬಂದ ಹಾಳೆಗಳಲ್ಲೆಲ್ಲ ಒಂದೇ ಉತ್ತರ: ಪೂರ್ತಿ ಒಪ್ಪುತ್ತೇನೆ. ಆಸ್ಪತ್ರೆಯಲ್ಲಿ ಕೂತು ಯಾರು ತಾನೇ ಇಲ್ಲ ಎನ್ನುತ್ತಾರೆ? ಅತ್ತೆಯ ಪರವಾಗಿ ಸೊಸೆ ಗುರುತು ಹಾಕಿದ್ದೂ ಉಂಟು. ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ರಕ್ತ ಪರೀಕ್ಷೆ) 10 ದಾಟಿ ಸಕ್ಕರೆ ಹತೋಟಿ ತಪ್ಪಿದವರಿಗೂ ನೂರಕ್ಕೆ ತೊಂಬತ್ತು!

ಕೇಳುವುದನ್ನು ಬಿಟ್ಟು ಮಾಡಿಸತೊಡಗಿದೆ. ಚೀಲದಿಂದ ಮೆಟ್‌ಫಾರ್ಮಿನ್ ಸ್ಟ್ರಿಪ್ ತೆಗೆಸಿ, ಉಳಿದ ಮಾತ್ರೆಗಳ ಲೆಕ್ಕ ತಾಳೆಯಾದರೆ ಒಂದು ಅಂಕ. "ಮನೆಯಲ್ಲಿ ಮಗ ಕೇಳಿದರೆ ಏನು ಹೇಳುತ್ತೀರಮ್ಮ?" ಎಂದಾಗ ಹೊಸ ಡೋಸು ಅವರ ಮಾತಿನಲ್ಲೇ ಸರಿಯಾಗಿ ಬಂದರೆ ಇನ್ನೊಂದು. ಪಾದ ನೋಡಿಕೊಳ್ಳುತ್ತಾರೆಯೇ ಎಂದು ತಿಳಿಯಲು, ಹಿಮ್ಮಡಿಯ ಒಡಕು ಯಾವ ಕಾಲಿನಲ್ಲಿದೆ ಎಂದು ಬಗ್ಗಿ ನೋಡದೆ ಹೇಳಿದರೆ ಮತ್ತೊಂದು. ತಾವಾಗಿ ಒಂದು ಪ್ರಶ್ನೆ ಕೇಳಿದರೆ ಎರಡು, ಏಕೆಂದರೆ ಅದೇ ಅಪರೂಪ. ಒಟ್ಟು ಏಳು. ಉಳಿದೆರಡು ಯಾವುದಕ್ಕೆ ಎಂದು ಬರೆಯುವುದಿಲ್ಲ. ಬರೆದರೆ ನಿಮ್ಮಲ್ಲೇ ಕೆಲವರು ರೋಗಿಗಳಿಗೆ ಉತ್ತರ ಬಾಯಿಪಾಠ ಮಾಡಿಸಿ ಕಳಿಸುತ್ತೀರಿ.

ಅಜ್ಜಿಯೊಬ್ಬರ ಸ್ಟ್ರಿಪ್ ಪ್ರತಿ ಸಲವೂ ಖಾಲಿ, ಶುಗರ್ ಮಾತ್ರ 300ರ ಮೇಲೆ. ಒಮ್ಮೆ ಅಡಿಕೆ ಹುಡುಕಲು ಎಲೆಯಡಿಕೆ ಡಬ್ಬಿ ತೆರೆದರು. ಸುಣ್ಣದ ಕಾಯಿಯ ಪಕ್ಕದಲ್ಲಿ ಒಂದು ಹಿಡಿ ಬಿಳಿ ಮಾತ್ರೆ! "ಹೊಟ್ಟೆ ಉರಿಯುತ್ತದೆ, ನಿಮಗೆ ಬೇಜಾರಾಗಬಾರದಲ್ಲ" ಎಂದರು. ಅಂದಿನಿಂದ ತಿಂಗಳ ನಡುವೆ ಮನೆಗೆ ಹೇಳದೆ ಹೋಗಿ ಎಣಿಸಲು ಒಬ್ಬ ಹುಡುಗಿಯನ್ನು ಕಳಿಸುತ್ತೇನೆ. ಅವಳ ಬಸ್ಸು, ಕಾಫಿಗೆ ತಿಂಗಳಿಗೆ ಆರುನೂರರ ಆಸುಪಾಸು.

ನಡುವೆ ಕ್ಯಾಲೆಂಡರಿನಲ್ಲಿ ದಿನಾ ಗುರುತು ಹಾಕಿಸಿ ನೋಡಿದೆ. ಬರುವ ಹಿಂದಿನ ರಾತ್ರಿ ಒಂದೇ ಪೆನ್ನಿನಲ್ಲಿ ಇಡೀ ತಿಂಗಳು ತುಂಬಿರುತ್ತಿತ್ತು. ವಾಟ್ಸ್‌ಆ್ಯಪ್‌ನಲ್ಲಿ ಕೇಳಿದರೆ ಮೊಮ್ಮಕ್ಕಳು ಉತ್ತರಿಸಿದರು.

ಸುಮಾರು ಅರವತ್ತು ಜನರನ್ನು ಆರೇಳು ತಿಂಗಳು ಹಿಂಬಾಲಿಸಿದ್ದೇನೆ. ಐದಕ್ಕಿಂತ ಹೆಚ್ಚು ಪಡೆದವರಲ್ಲಿ ಬಹುತೇಕರ ಎಚ್‌ಬಿಎ1ಸಿ ಒಂದರಷ್ಟು ಇಳಿಯಿತು, ಎರಡರೊಳಗಿದ್ದವರದು ಕದಲಲಿಲ್ಲ. ಬಿಪಿ ಮಾತ್ರ ಇರುವವರಿಗೆ ಹಿಮ್ಮಡಿಯ ಪ್ರಶ್ನೆ ಒಗ್ಗದು. ಅದರ ಬದಲು ಉಪ್ಪಿನಕಾಯಿಯ ಬಗ್ಗೆ ಕೇಳುತ್ತಿದ್ದೇನೆ. ಸದ್ಯಕ್ಕೆ ಎಲ್ಲರೂ ತಿನ್ನುವುದು ಒಂದೇ ಹೋಳಂತೆ.