ಮಾರ್ಕನ ಸುವಾರ್ತೆಯಲ್ಲಿ ಹಿಂಸೆಯ ಗುರುತು ಹುಡುಕುವ ಬಗೆ

ಬೆಳಗಾವಿ, ವಿಜಯಪುರ ಕಡೆ ಭಾನುವಾರದ ಆರಾಧನೆ ಮುಗಿದ ಮೇಲೆ ಬೈಬಲ್ ಅಧ್ಯಯನಕ್ಕೆ ಕೂರುವ ಎಂಟು-ಹತ್ತು ಮಂದಿಯ ಗುಂಪಿಗೆ, ಆದಿ ಕ್ರೈಸ್ತರು ಅನುಭವಿಸಿದ ಹಿಂಸೆಯ ಗುರುತನ್ನು ಮಾರ್ಕನಲ್ಲಿ ಹುಡುಕುವ ಈ ಓದು ಎರಡು ತಾಸಿನ ಕೆಲಸ. ಮಾರ್ಕ 10:28-31, 13:9-13, 14:66-72 ಮತ್ತು ಇವಕ್ಕೆ ಜೋಡಿಯಾದ ಮತ್ತಾಯ, ಲೂಕರ ಭಾಗಗಳನ್ನು ಮೂರು ಕಾಲಂ ಮಾಡಿ ಜೆರಾಕ್ಸ್ ತೆಗೆಸಿ. ಹಾಳೆಯಲ್ಲಿ ಒಂದೇ ಅನುವಾದ ಇರಲಿ. ಬೆಳಗಾವಿಯಲ್ಲಿ ಯಾರಾದರೂ ಮರಾಠಿ ಬೈಬಲ್ ತಂದರೂ ವಚನಸಂಖ್ಯೆ ತಾಳೆಯಾಗುತ್ತದೆ. ಆದರೆ ಅನುವಾದ ಬೆರೆಸಿ ಹೋಲಿಸಿದರೆ ಅನುವಾದಕರ ಆಯ್ಕೆಯೇ ಸುವಾರ್ತೆ ಬರೆದವರ ಆಯ್ಕೆಯಂತೆ ಕಾಣುತ್ತದೆ.

ಮೊದಲು ಹಲಗೆ ಮೇಲೆ ಇಸವಿ ಬರೆಯಿರಿ. ಸುಮಾರು 30, ಯೇಸುವಿನ ಶಿಲುಬೆ ಮರಣ. 64, ಚಕ್ರವರ್ತಿ ನೀರೋನ ಕಾಲದ ರೋಮ್ ನಗರದ ಬೆಂಕಿ. 70, ಯೆರೂಸಲೇಮಿನ ದೇವಾಲಯದ ನಾಶ. ಸುಮಾರು 112, ಕ್ರೈಸ್ತರ ವಿಚಾರಣೆ ಕುರಿತು ರೋಮನ್ ಅಧಿಪತಿ ಪ್ಲಿನಿ ಚಕ್ರವರ್ತಿ ಟ್ರಾಜನ್‌ನಿಗೆ ಬರೆದ ಪತ್ರ. 250, ಚಕ್ರವರ್ತಿ ಡೆಸಿಯಸ್‌ನ ಆಜ್ಞೆ. 303, ಚಕ್ರವರ್ತಿ ಡಯೋಕ್ಲೀಷಿಯನ್‌ನ ಆಜ್ಞೆ. ಮಾರ್ಕನ ಸುವಾರ್ತೆ 70ರ ಆಸುಪಾಸಿನದೆಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ.

ಗುಂಪುಗಳು ಎಡವುವುದು ಇಲ್ಲೇ. 250, 303ರ ಸಾಮ್ರಾಜ್ಯವ್ಯಾಪಿ ಆಜ್ಞೆಗಳನ್ನು ಮಾರ್ಕನ ತಲೆಗೆ ಕಟ್ಟುತ್ತಾರೆ, ಪ್ರತಿ ವಚನದಲ್ಲೂ ಕ್ರೈಸ್ತರನ್ನು ತಿನ್ನುವ ಸಿಂಹ ಕಾಣತೊಡಗುತ್ತದೆ. ನೀರೋನ ಕ್ರೌರ್ಯ ರೋಮ್ ನಗರದ ಮಾತು. ರೋಮನ್ ಇತಿಹಾಸಕಾರ ಟ್ಯಾಸಿಟಸ್ ಅದನ್ನು ಬರೆದದ್ದೂ ಸುಮಾರು ಅರ್ಧ ಶತಮಾನ ಕಳೆದ ಮೇಲೆ. ಅವನ ವಿವರಣೆಯನ್ನೇ ಅನುಮಾನಿಸುವ ಇತಿಹಾಸಕಾರರಿದ್ದಾರೆ. ಮಾರ್ಕ 13ರಲ್ಲಿರುವುದು ಯೆಹೂದ್ಯರ ಸಭಾಮಂದಿರದ ಏಟು, ಅಧಿಪತಿಯೆದುರಿನ ವಿಚಾರಣೆ, ತಮ್ಮನನ್ನು ಒಪ್ಪಿಸುವ ಅಣ್ಣ. ಊರೊಳಗಿನ, ಮನೆಯೊಳಗಿನ ಹಿಂಸೆ ಅದು.

ಈಗ ಕೆಂಪು ಪೆನ್ಸಿಲ್ ಹಿಡಿಯಿರಿ. ಮಾರ್ಕ 10:30ರಲ್ಲಿ ಮನೆ, ತಾಯಿ, ಹೊಲ ಎಲ್ಲ ನೂರ್ಮಡಿ ಸಿಗುವ ಪಟ್ಟಿಯ ನಡುವೆ ‘ಹಿಂಸೆಗಳ ಸಹಿತ’ ಎಂಬ ಅರ್ಥದ ಮಾತಿದೆ. ಮತ್ತಾಯ 19:29, ಲೂಕ 18:29-30ರಲ್ಲಿ ಅದಿಲ್ಲ. ಮಾರ್ಕನ 13:9-13ಕ್ಕೆ ಮತ್ತಾಯನಲ್ಲಿ 24ನೇ ಅಧ್ಯಾಯವನ್ನಷ್ಟೇ ಜೆರಾಕ್ಸ್ ಮಾಡಿಸಬೇಡಿ; ಮಾರ್ಕನ ಆ ಮಾತಿನ ಬಹುಭಾಗ ಮತ್ತಾಯ 10:17-22ರಲ್ಲಿದೆ, ಹನ್ನೆರಡು ಶಿಷ್ಯರನ್ನು ಕಳಿಸುವ ಸಂದರ್ಭಕ್ಕೆ ಸೇರಿದೆ. ಮಾರ್ಕ 8:34ರ ಶಿಲುಬೆ ಹೊರುವ ಮಾತಿಗೆ ಲೂಕ (9:23) ‘ಪ್ರತಿದಿನ’ ಸೇರಿಸುತ್ತಾನೆ, ಸಾವಿನ ಕರೆ ಬದುಕಿನ ಶಿಸ್ತಾಗುತ್ತದೆ.

ಪೇತ್ರನ ನಿರಾಕರಣೆಗೆ ಅರ್ಧ ತಾಸು ಕೊಡಿ. ಮುಖಂಡನೇ ಮೂರು ಸಲ ನಿರಾಕರಿಸಿ, ಕೊನೆಗೆ ‘ಆ ಮನುಷ್ಯನನ್ನು ಅರಿಯೆ’ ಎಂದದ್ದನ್ನು ಸಭೆ ಯಾಕೆ ಮುಚ್ಚಿಡಲಿಲ್ಲ? ವಿಚಾರಣೆಯಲ್ಲಿ ಸೋತು ಮತ್ತೆ ಸಭೆಯ ಬಾಗಿಲಿಗೆ ಬಂದವರು ಕೇಳುಗರಲ್ಲಿ ಇದ್ದಿರಬಹುದು. ಜೊತೆಗೆ ಹಿಂಸೆ ಬಂದಾಗ ಬಿದ್ದುಹೋಗುವವರ ಮಾತಿರುವ ಮಾರ್ಕ 4:17, ಶಿಷ್ಯರು ಓಡಿಹೋಗುವ 14:50 ಓದಿ. 16:8ರಲ್ಲಿ ಯೇಸುವಿನ ಸಮಾಧಿಗೆ ಹೋದ ಹೆಂಗಸರು ಹೆದರಿ ಸುಮ್ಮನಾಗುತ್ತಾರೆ. ಸಿನಾಯ್ಟಿಕಸ್, ವ್ಯಾಟಿಕನಸ್ ಎಂಬ ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಮಾರ್ಕ ಅಲ್ಲಿಗೇ ಮುಗಿಯುತ್ತದೆ.

ಕೂಡಲಸಂಗಮದ ಸೀಮೆಯಲ್ಲಿ ಕಲ್ಯಾಣದಿಂದ ಉಳವಿಯತ್ತ ಹೊರಟ ಶರಣರ ನೆನಪು ಎದ್ದೇ ಏಳುತ್ತದೆ. ಐದು ನಿಮಿಷ ಬಿಡಿ, ತಪ್ಪೇನಿಲ್ಲ. ಆದರೆ ಶರಣರ ಹನ್ನೆರಡನೇ ಶತಮಾನಕ್ಕೂ ಅವರ ಸಂವಾದಗಳನ್ನು ಹೆಣೆದ ಹದಿನೈದನೇ ಶತಮಾನದ ಶೂನ್ಯಸಂಪಾದನೆಗೂ ಇರುವ ಅಂತರ ಎಷ್ಟು, ಯೇಸುವಿಗೂ ಮಾರ್ಕನಿಗೂ ಇರುವ ಸುಮಾರು ನಾಲ್ವತ್ತು ವರ್ಷ ಎಷ್ಟು ಎಂದು ಲೆಕ್ಕ ಹಾಕಿಸಿ.

ಇನ್ನೊಂದು ಬಲೆ ವೃತ್ತವಾದ. ಮಾರ್ಕ ರೋಮಿನಲ್ಲಿ ಬರೆದ, ಆದ್ದರಿಂದ ಇದು ನೀರೋನ ಹಿಂಸೆ. ನೀರೋನ ಹಿಂಸೆ ಕಾಣುತ್ತದೆ, ಆದ್ದರಿಂದ ರೋಮಿನಲ್ಲೇ ಬರೆದ. ಬರೆದದ್ದು ಸಿರಿಯಾದಲ್ಲಿ ಎನ್ನುವ ವಿದ್ವಾಂಸರೂ ಇದ್ದಾರೆ, ಅವರ ವಾದವನ್ನೂ ಹಲಗೆಗೆ ಏರಿಸಿ.

ಯೋಹಾನ 9:22, 12:42, 16:2ರಲ್ಲಿ ಸಭಾಮಂದಿರದಿಂದ ಹೊರಹಾಕುವ ಮಾತು ಬರುತ್ತದೆ. ಅದಕ್ಕೆ ಬೇರೊಂದು ಭಾನುವಾರ ಇಟ್ಟುಕೊಳ್ಳಿ. ಈ ಹಾಳೆಗೆ ಸೇರಿಸಿದರೆ ಮೂರು ಕಾಲಂಗಳ ಹೋಲಿಕೆ ಕೆಡುತ್ತದೆ.